ಕಣ್ಣಿನ ಗಾಡಿಯ ಬಾಯಾರು

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮ ಕಣ್ಣಿನ ಡಾಕ್ಟರ್ ಬಾಯಾರ ಶ್ರದ್ಧಾಂಜಲಿ ಸಭೆ ನಡೆಯಿತು. ನಡೆಸಿದವರು ನಾವಿಬ್ಬರೂ ಹಿಂದೆ ಕೆಲಸ ಮಾಡಿದ ಕಣ್ಣಿನ ಆಸ್ಪತ್ರೆಯ ಟ್ರಸ್ಟಿನವರು. ವೇದಿಕೆಯ ಮೇಲೆ ಅವರ ಫೋಟೊ ಇಟ್ಟಿದ್ದರು. ಫೋಟೊದ ಸುತ್ತ ಬಣ್ಣದ ಸಣ್ಣ ಬಲ್ಬುಗಳ ಸರ. ಕಿಟಕಿಯಿಂದ ಬಿಸಿಲು ಒಳಗೆ ಬೀಳುತ್ತಿತ್ತು, ಬಲ್ಬುಗಳೂ ಉರಿಯುತ್ತಿದ್ದವು. ಹಗಲಿನಲ್ಲಿ ಬಲ್ಬು ಉರಿಸುವವರನ್ನು ಬಾಯಾರು ಏನನ್ನುತ್ತಿದ್ದರೆಂದು ಅಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ನಮ್ಮ ಕಾಲದಲ್ಲಿ ಟ್ರಸ್ಟಿನ ಕಾರ್ಯದರ್ಶಿಯಾಗಿದ್ದವರು, ಈಗ ತುಂಬ ವಯಸ್ಸಾದವರು, ಬಹಳ ಹೊತ್ತು ಮಾತಾಡಿದರು. ಬಾಯಾರು ಮಮತೆಯ ಮೂರ್ತಿ ಎಂದರು. ಕೊನೆಗೆ ನಗುತ್ತ ಹೇಳಿದರು: "ಅವರ ಕೈಯಾಗ ಕೆಟ್ಟಿದ್ದು ಒಂದ ಆಪರೇಷನ್. ಅದೂ ಅವರ ತಪ್ಪಲ್ಲ. ಪಾಪ, ತಿಳಿಗೇಡಿ ಮುದುಕಿ, ನಡಬರಕ ತಲಿ ಅಲ್ಲಾಡಿಸಿಬಿಟ್ಲು."

ಸಭೆಯಲ್ಲಿದ್ದವರು 'ಛೆ ಛೆ' ಎಂದರು. ಒಂದಿಬ್ಬರು ನಕ್ಕರು.

ನಾನು ಇದನ್ನು ಬರೆಯುತ್ತಿರುವುದು ಆ ಮಾತಿಗಾಗಿ. ನೋಡಿದ್ದನ್ನು ನೋಡಿದಂತೆ, ಕೇಳಿದ್ದನ್ನು ಕೇಳಿದ್ದೆಂದು ಬೇರೆಯಾಗಿಯೇ ಬರೆಯುತ್ತೇನೆ. ಬಾಯಾರ ಹೆಸರು ಬರೆಯುವುದಿಲ್ಲ. ಹೆಸರು ಹೇಳಿ ಹೊಗಳುವ ಕೆಲಸ ಆ ದಿನ ಬೇಕಾದಷ್ಟು ಆಗಿದೆ.

ಮೊದಲನೆಯದಾಗಿ, ಅವರು ಮಮತೆಯ ಮೂರ್ತಿಯಾಗಿರಲಿಲ್ಲ. ಸಿಟ್ಟು ಬೇಗ ಬರುತ್ತಿತ್ತು, ತಡವಾಗಿ ಹೋಗುತ್ತಿತ್ತು. ಧಾರವಾಡದ ಕಡೆಯವರು, ಕುಳ್ಳಗೆ, ಸಣಕಲು. ಗಂಡಸರ ಚಪ್ಪಲಿ ಹಾಕುತ್ತಿದ್ದರು. ಸೇವೆ ಎಂಬ ಶಬ್ದ ಕಿವಿಗೆ ಬಿದ್ದರೆ ಮುಖ ಗಂಟಾಗುತ್ತಿತ್ತು. "ಸೇವಾ ಗೀವಾ ಬ್ಯಾಡ್ರಿ. ಕೆಲಸ ಅನ್ರಿ. ಕೆಲಸ ಅಂದ್ರ ಕೆಟ್ಟಾಗ ಕೇಳಾಕ ಬರ್ತೈತಿ, ಸೇವಾ ಅಂದ್ರ ಯಾರೂ ಕೇಳೂದಿಲ್ಲ."

ಎಪ್ಪತ್ತರ ದಶಕದ ಮಾತು. ಆಸ್ಪತ್ರೆಗೆ ದಾನಿಯೊಬ್ಬರು ಒಂದು ಟ್ರೇಲರ್ ಕೊಟ್ಟಿದ್ದರು. ತಗಡಿನ ಗೋಡೆಯ ಸಣ್ಣ ಮನೆಯನ್ನು ಗಾಲಿಯ ಮೇಲೆ ಕೂರಿಸಿದ ಹಾಗಿತ್ತು. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದೆವು. ಒಳಗೆ ಒಂದು ಕಡೆ ಆಪರೇಷನ್ ಮೇಜು, ಪರದೆಯ ಆಚೆ ಎರಡು ಹಲಗೆ ಮಂಚ. ಅಲ್ಲಿ ಬಾಯಾರು ಮತ್ತು ನರ್ಸ್ ಮಲಗುತ್ತಿದ್ದರು. ಡ್ರೈವರ್ ಮತ್ತು ಕಂಪೌಂಡರನಾದ ನಾನು ಹೊರಗೆ ತಾಡಪತ್ರಿ ಕಟ್ಟಿಕೊಂಡು ಮಲಗುತ್ತಿದ್ದೆವು. ಮಳೆಗಾಲ ಮುಗಿದು ಕರಿ ನೆಲ ಗಟ್ಟಿಯಾದ ಮೇಲೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳ್ಳಿಗಳಿಗೆ ಹೋಗಿ ಕೆಲವು ದಿನ ಬಿಡಾರ ಹೂಡಿ ಪೊರೆ ತೆಗೆಯುತ್ತಿದ್ದೆವು. ಜನ ಅದನ್ನು ಕಣ್ಣಿನ ಗಾಡಿ ಎನ್ನುತ್ತಿದ್ದರು.

ಬಹಳಷ್ಟು ಹಳ್ಳಿಗಳಲ್ಲಿ ಆಗ ಕರೆಂಟು ಇರಲಿಲ್ಲ. ಟ್ರೇಲರಿನ ಮೂಲೆಯಲ್ಲಿ ಇಬ್ಬರು ಸೇರಿ ಎತ್ತಬೇಕಾದ ದೊಡ್ಡ ಬ್ಯಾಟರಿಯೊಂದಿತ್ತು. ದಾರಿಯಲ್ಲಿ ಜೀಪು ಓಡುವಾಗ ಅದು ತುಂಬಿಕೊಳ್ಳುತ್ತಿತ್ತು. ಊರು ಮುಟ್ಟಿದ ಮೇಲೆ ಜೀಪು ರೋಗಿಗಳನ್ನು ತರಲು ಹೋಗುತ್ತಿತ್ತು. ಆಮೇಲೆ ಬಿಡಾರ ಕೀಳುವವರೆಗೆ ಆ ಬ್ಯಾಟರಿಯಲ್ಲಿ ಇದ್ದಷ್ಟೇ ಬೆಳಕು. ಆಪರೇಷನ್ ದೀಪಕ್ಕೆ ಅದೊಂದೇ ಆಸರೆ.

ಆ ಬ್ಯಾಟರಿಯನ್ನು ಬಾಯಾರು ಕಾಯುತ್ತಿದ್ದ ರೀತಿಯನ್ನು ಹೇಳಿದರೆ ಅವರನ್ನು ಅರ್ಧ ಹೇಳಿದಂತೆ. ಬೆಳಿಗ್ಗೆ ಚಹಾಕ್ಕಿಂತ ಮೊದಲು ಅದರ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು. ಕೈಯಲ್ಲಿ ಒಂದು ಗಾಜಿನ ನಳಿಗೆ, ಅದರ ತುದಿಗೆ ರಬ್ಬರಿನ ಗುಂಡು, ಒಳಗೆ ತೇಲುವ ಸಣ್ಣ ಕಡ್ಡಿ. ಗುಂಡು ಹಿಚುಕಿ ಬಿಟ್ಟರೆ ಆ್ಯಸಿಡ್ ನಳಿಗೆಗೆ ಏರುತ್ತದೆ. ಕಡ್ಡಿ ಎತ್ತರಕ್ಕೆ ತೇಲಿದರೆ ಬ್ಯಾಟರಿ ತುಂಬಿದೆ, ಮುಳುಗಿದರೆ ಬರಿದಾಗಿದೆ. ಅದರ ಒಂದೊಂದು ಕೋಣೆಯನ್ನೂ ಹೀಗೆ ನೋಡುತ್ತಿದ್ದರು. ಸುತ್ತ ಕುಳಿತ ಮುದುಕರಿಗೆ ಇದೊಂದು ತಮಾಷೆ.

"ಬಾಯಾರು ಮೊದಲ ಬ್ಯಾಟರಿ ನಾಡಿ ಹಿಡೀತಾರ, ಆಮ್ಯಾಲ ನಮ್ಮವು."

"ಅದಕ್ಕ ನಾಡಿ ಇರತೈತಿ. ನಿನಗ ಎಲ್ಲೈತಿ ಮುದುಕಾ?" ಎಂದು ಇನ್ನೊಬ್ಬ.

ಸಂಜೆ ಊಟಕ್ಕೆ, ಓದಿಗೆ ಕಂದೀಲು. ಬ್ಯಾಟರಿಗೆ ಜೋಡಿಸಿದ್ದ ಸಣ್ಣ ಫ್ಯಾನನ್ನು ಅವರು ತಮಗಾಗಿ ಒಮ್ಮೆಯೂ ತಿರುಗಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಆಪರೇಷನ್ ದೀಪ ಕೂಡ ಇಂಜೆಕ್ಷನ್ ಕೊಟ್ಟು, ಬಟ್ಟೆ ಹೊದಿಸಿ, ಕೈಗೆ ಉಪಕರಣ ಬಂದ ಮೇಲೆಯೇ ಹತ್ತಬೇಕು. 'ಹಚ್ರಿ' ಎಂದರೆ ಹಚ್ಚಬೇಕು. 'ಆರಿಸ್ರಿ' ಎಂದಾಗ ಕೈ ತಡವಾದರೆ ಬೈಗುಳ. "ಬೆಳಕು ಅಂದ್ರ ಕೊಡದಾಗಿನ ನೀರು. ಯಾರು ತುಂಬಿದ್ರು, ಯಾರು ಚೆಲ್ಲಿದ್ರು, ನೆನಪಿರಬೇಕು" ಎನ್ನುತ್ತಿದ್ದರು. ನವಲಗುಂದದ ಕಡೆ ಈ ಮಾತನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅಲ್ಲಿಯ ಬಾವಿಗಳ ನೀರು ಸವಳು. ಕುಡಿಯುವ ನೀರನ್ನು ಅಲ್ಲಿಯ ಹೆಂಗಸರು ಕೆರೆಯಿಂದ ಹೊತ್ತು ತರಬೇಕು.

ಆ ಸವಳು ನೀರು ಬ್ಯಾಟರಿಗೂ ಆಗುವುದಿಲ್ಲ. ಹಾಗಾಗಿ ಮಳೆ ಬಂದಾಗ ಬಾಯಾರು ಬಯಲಲ್ಲಿ ನಾಲ್ಕು ಕೋಲು ನೆಟ್ಟು ಬಿಳಿ ಧೋತರ ಕಟ್ಟಿ, ಅದರಿಂದ ಇಳಿದ ನೀರನ್ನು ಗಾಜಿನ ಬಾಟಲಿಗಳಲ್ಲಿ ತುಂಬಿಡುತ್ತಿದ್ದರು. ಒಮ್ಮೆ ಒಂದು ಹಳ್ಳಿಯಲ್ಲಿ ಅಕಾಲದ ಮಳೆ ಬಂದು ಹೀಗೆ ಧೋತರ ಕಟ್ಟಿದಾಗ ಒಬ್ಬಾಕೆ ಕೇಳಿದಳು.

"ಕುಡಿಯಾಕನ್ರಿ ಬಾಯಾರ?"

"ನನಗಲ್ಲ ಬೇ. ಅದಕ್ಕ," ಎಂದು ಬ್ಯಾಟರಿ ತೋರಿಸಿದರು.

"ಅಯ್ಯ ನಮ್ಮವ್ವ! ನಮಗ ಕೆರಿ ರಾಡಿ, ಇದಕ್ಕ ಮಳಿ ನೀರು! ಮನಿ ಅಳಿಯಾ ಇದ್ದಂಗ ಐತಿ ಬಿಡ್ರಿ ಇದು."

ಅಂದಿನಿಂದ ಬ್ಯಾಟರಿಗೆ ಅಳಿಯ ಎಂದೇ ಹೆಸರಾಯಿತು. ಅಪರೂಪಕ್ಕೆ ನಗುವ ಬಾಯಾರು ಆ ದಿನ ನಕ್ಕಿದ್ದರು. ಕಾರ್ಯದರ್ಶಿಗಳ ಕಿವಿಗೂ ಈ ಹೆಸರು ಬಿದ್ದಿತ್ತು. ಇದನ್ನು ನೆನಪಿಡಬೇಕು.

ಬಾಯಾರ ಇನ್ನೊಂದು ನಿಯಮವಿತ್ತು: ಒಂದೇ ಕಣ್ಣಿನವರು ಮೊದಲು. ಒಂದು ಕಣ್ಣು ಆಗಲೇ ಹೋದವರನ್ನು, ಬ್ಯಾಟರಿ ತುಂಬಿರುವಾಗ, ತಮ್ಮ ಕೈಗೆ ದಣಿವಿಲ್ಲದಾಗ ಮುಗಿಸಿಬಿಡಬೇಕು. ಗೌಡನಾದರೂ ಸರದಿ ಕಾಯಬೇಕು.

ಹೊನ್ನವ್ವ ಒಂದೇ ಕಣ್ಣಿನಾಕೆ. ನವಲಗುಂದ ತಾಲೂಕಿನ ಒಂದು ಹಳ್ಳಿಯವಳು. ಊರಿನ ಹೆಸರು ಬೇಡ. ಚಿಕ್ಕಂದಿನಲ್ಲಿ ಸಿಡುಬಿನಿಂದ ಎಡಗಣ್ಣು ಹೋಗಿತ್ತು. ಗಂಡ ತೀರಿಕೊಂಡಿದ್ದ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಸೇರಿಸಿ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಆಕೆಯ ಹೊಲಿಗೆಯ ಸಾಲು ಹೊಲದಲ್ಲಿ ಬಿತ್ತಲು ಕೂರಿಗೆ ಹೊಡೆದ ಹಾಗೆ ನೆಟ್ಟಗೆ ಎಂದು ಊರೆಲ್ಲ ಹೇಳುತ್ತಿತ್ತು. ಈಗ ಬಲಗಣ್ಣಿಗೂ ಪೊರೆ ಬಂದಿತ್ತು. ಪರೀಕ್ಷೆಗೆ ಕುಳಿತಾಗ ಬಾಯಾರಿಗೆ ಹೇಳಿದಳು:

"ಸೂಜಿಗೆ ದಾರ ಪೋಣಿಸೂವಷ್ಟು ಕಂಡ್ರ ಸಾಕ್ರಿ. ಊರು ನೋಡೂದು ಬ್ಯಾಡ, ನೋಡಿದ್ದ ಐತಿ."

"ಕಾಣಸ್ತೀನಿ," ಎಂದರು ಬಾಯಾರು. ಅವರು ರೋಗಿಗಳಿಗೆ ಹಾಗೆ ಮಾತು ಕೊಡುವವರಲ್ಲ. ಆಕೆಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಬಾಯಾರು ನಳಿಗೆ ಹಾಕಿ ನೋಡಿದರು. ಅಳಿಯ ತುಂಬಿಕೊಂಡಿದ್ದ. ಆ ದಿನ ಶಿಬಿರದ ಉದ್ಘಾಟನೆ. ಖರ್ಚು ಕೊಟ್ಟ ವ್ಯಾಪಾರಿಯೊಬ್ಬರನ್ನು ಕಾರ್ಯದರ್ಶಿಗಳು ಹುಬ್ಬಳ್ಳಿಯಿಂದ ಕರೆತಂದಿದ್ದರು. ಊರ ಶಾಲೆಯ ಮುಂದೆ ಪೆಂಡಾಲು. ಶಾಲೆಯ ಕೋಣೆಯಲ್ಲಿ ರೋಗಿಗಳು. ಅವರ ಕಣ್ಣಿಗೆ ಮತ್ತೆ ಮತ್ತೆ ಹನಿ ಹಾಕಬೇಕಾದ್ದರಿಂದ ಬಾಯಾರು, ನರ್ಸ್, ನಾನು ಮೂವರೂ ಅಲ್ಲೇ ಇದ್ದೆವು. ಟ್ರೇಲರ್ ಪೆಂಡಾಲಿನ ಹಿಂದೆ ನಿಂತಿತ್ತು, ಅಲ್ಲಿಂದ ಕಾಣುತ್ತಿರಲಿಲ್ಲ.

ಮೈಕು ಶುರುವಾಯಿತು. ಮೊದಲು ಹಾಡಿನ ಪ್ಲೇಟು. "ಜೋರ್ ಹಚ್ಚಲೇ, ಬಾಜೂ ಊರಿಗೂ ಕೇಳ್ಲಿ!" ಎಂದು ಯಾರೋ ಕೂಗಿದ್ದು ನಮಗೂ ಕೇಳಿಸಿತು. ಕಾರ್ಯದರ್ಶಿಗಳು ಬಾಯಾರನ್ನು ವೇದಿಕೆಗೆ ಕರೆಯಲು ಬಾಗಿಲಿಗೆ ಬಂದರು. ಬಾಯಾರು ತಲೆ ಎತ್ತದೆ ಕೇಳಿದರು: "ಮೈಕಿನವ ತನ್ನ ಬ್ಯಾಟರಿ ತಂದಾನಲ್ಲಾ?"

"ತಂದಾನ್ರಿ, ತಂದಾನ. ನಿಮ್ಮ ಅಳಿಯನ್ನ ಯಾರೂ ಮುಟ್ಟಿಲ್ಲ."

ಈ ಮಾತನ್ನು ನಾನು ನನ್ನ ಕಿವಿಯಿಂದ ಕೇಳಿದೆ. ನರ್ಸ್ ಕೇಳಿದಳು. ಹೊನ್ನವ್ವನೂ ಕೇಳಿರಬೇಕು, ಬಾಗಿಲ ಪಕ್ಕದಲ್ಲೇ ಕುಳಿತಿದ್ದಳು.

ಆ ಹಳ್ಳಿಗಳಲ್ಲಿ ಉದ್ಘಾಟನೆ ಎಂದರೆ ಹೆಸರು ಕರೆಯುವುದು. ಊರ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು ಹಾರ ಹಾಕಬೇಕು. ಪಟ್ಟಿ ಮುಗಿಯಿತು ಎನ್ನುವಷ್ಟರಲ್ಲಿ 'ನಮ್ಮ ಓಣ್ಯಾವರನ್ನ ಬಿಟ್ರಿ' ಎಂದು ಒಬ್ಬರು ಏಳುತ್ತಾರೆ. ಅವರನ್ನು ಕರೆದರೆ ಇನ್ನೊಂದು ಓಣಿ. ನಡುನಡುವೆ ಹಾಡು. ಬಿಸಿಲು ನೆತ್ತಿಗೆ ಬರುವವರೆಗೆ ಮೈಕು ನಿಲ್ಲಲಿಲ್ಲ.

ಅದು ಮುಗಿದು ನಾವು ಟ್ರೇಲರಿಗೆ ಬಂದಾಗ ಬ್ಯಾಟರಿ ತನ್ನ ಜಾಗದಲ್ಲೇ ಇತ್ತು. ಬಾಯಾರು ದೀಪ ಹಚ್ಚಿ ನೋಡಿದರು. ಬೆಳ್ಳಗೆ ಉರಿಯಿತು. ಹೊನ್ನವ್ವನನ್ನು ಕರೆಯಿರಿ ಎಂದರು. ಆಗ ಕಾರ್ಯದರ್ಶಿಗಳು ಅತಿಥಿಯನ್ನು ಕರೆದುಕೊಂಡು ಬಂದು, ಸಾಹುಕಾರರು ಒಂದು ಆಪರೇಷನ್ ನೋಡಿ ಹೋಗಬೇಕೆಂದಿದ್ದಾರೆ, ರೋಗಿಗಳಲ್ಲಿ ಊರ ಗೌಡರ ಕಾಕಾನದು ಮೊದಲಾಗಲಿ ಎಂದರು.

"ಆಗೂದಿಲ್ಲ. ಒಂದು ಕಣ್ಣಿನಾಕಿ ಮೊದಲ," ಎಂದರು ಬಾಯಾರು.

ಮಾತಿಗೆ ಮಾತು ಬೆಳೆಯಿತು. ಅದನ್ನು ಕೊನೆಗಾಣಿಸಿದವಳು ಹೊನ್ನವ್ವ. ಹಿರಿಯರಿಗೆ, ಮನೆಗೆ ಬಂದವರಿಗೆ ಹಾದಿ ಬಿಟ್ಟುಕೊಟ್ಟು ಬೆಳೆದ ಜೀವ. ಸೆರಗು ತಲೆಗೆ ಎಳೆದುಕೊಂಡು ಎದ್ದು ನಿಂತಳು. "ಗೌಡ್ರ ಕಾಕಾ ಹೋಗ್ಲಿ ಬಿಡ್ರಿ ಬಾಯಾರ. ಹಿರ್ಯಾರ ಮುಂದ ನಾ ಹೆಂಗ ಹೋಗ್ಲಿ? ನನಗೇನ ಅವಸರ, ಕುಂತಿರ್ತೀನಿ."

ರೋಗಿಯೇ ಹೇಳಿದ ಮೇಲೆ ಬಾಯಾರು ಗೌಡರ ಕಾಕಾನನ್ನು ಮೇಜಿನ ಮೇಲೆ ಮಲಗಿಸಲು ಹೇಳಿದರು. ಗೌಡರ ಕಾಕಾನ ಆಪರೇಷನ್ ಚೆನ್ನಾಗಿ ಆಯಿತು. ಆತನಿಗೆ ಇನ್ನೊಂದು ಕಣ್ಣೂ ಕಾಣುತ್ತಿತ್ತು. ಅತಿಥಿ ನೋಡಿ, ಭಾರೀ ಎಂದು, ಊಟಕ್ಕೆ ಹೋದರು.

ಆಮೇಲೆ ಹೊನ್ನವ್ವ. ಮಲಗುವಾಗ ಬಾಯಾರು, "ಅಲ್ಲಾಡಬಾರದು ನೋಡ ಬೇ," ಎಂದರು. "ಕೌದಿ ಹೊಲಿಯಾಕಿ ರೀ ನಾ. ಒಂದ ಕಡೆ ಕೂಡೂದು ನನಗ ಹೊಸಾದಲ್ಲ," ಎಂದಳು ಆಕೆ.

ನನ್ನ ಕೆಲಸ ತಲೆಯ ಹತ್ತಿರ ನಿಂತು ಎರಡೂ ಕಡೆ ಅಂಗೈ ಇಟ್ಟು ಹಿಡಿಯುವುದು. ಹಿಡಿದಿದ್ದೆ. ನರ್ಸ್ ದೀಪ ಹಚ್ಚಿದಳು. ಬಾಯಾರು ಕಣ್ಣು ಬಿಡಿಸಿದರು. ಪೊರೆ ಹೊರಗೆ ಬರುವ ಗಳಿಗೆ. ಆಗ ದೀಪ ಹಳದಿಯಾಯಿತು. ಹಳದಿ ಕೆಂಪಾಯಿತು. ಬಾಯಾರು "ಟಾರ್ಚ್" ಎಂದರು, ಕೂಗಲಿಲ್ಲ. ನರ್ಸ್ ಗೂಟದಿಂದ ಟಾರ್ಚ್ ತೆಗೆದು ಹಿಡಿಯುವಷ್ಟರಲ್ಲಿ ಒಳಗೆ ಆಗಬಾರದ್ದು ಆಗಿತ್ತು. ಕಣ್ಣೊಳಗಿನ ಗಂಜಿಯಂಥ ದ್ರವ ಹೊರಗೆ ಬಂದಿತ್ತು. ಅದು ಬಂದರೆ ನೋಟ ಉಳಿಯುವುದು ಕಷ್ಟ. ಉಳಿದದ್ದನ್ನು ಬಾಯಾರು ಟಾರ್ಚಿನ ಬೆಳಕಲ್ಲಿ ಮುಗಿಸಿದರು.

ಹೊನ್ನವ್ವನ ತಲೆ ಮೊದಲಿನಿಂದ ಕೊನೆಯವರೆಗೆ ನನ್ನ ಅಂಗೈಗಳ ನಡುವೆ ಇತ್ತು. ಅದು ಅಲ್ಲಾಡಲಿಲ್ಲ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಆಕೆ ಮೆಲ್ಲಗೆ, ತುಟಿ ಮಾತ್ರ ಆಡಿಸಿ, "ಆತೇನ್ರಿ?" ಎಂದು ಕೇಳಿದಳು.

ಬಾಯಾರು ಬ್ಯಾಟರಿಯ ಬಳಿ ಕುಳಿತು ನಳಿಗೆ ಹಾಕಿದರು. ಕಡ್ಡಿ ತಳಕ್ಕೆ ಕೂತಿತು. ಬ್ಯಾಟರಿಗೆ ವಾಯರು ಕಟ್ಟುವ ಎರಡೂ ಸೀಸದ ಗುಬುಟುಗಳ ಮೇಲೆ ಹೊಸದಾಗಿ ಹಲ್ಲು ಕಚ್ಚಿದ ಗುರುತು ಇತ್ತು. ನಮ್ಮ ವಾಯರುಗಳಿಗೆ ಹಲ್ಲಿನ ಕ್ಲಿಪ್ ಇರಲಿಲ್ಲ, ಮೈಕಿನವನ ವಾಯರುಗಳಿಗೆ ಇದ್ದವು. ಇದು ನಾನು ನೋಡಿದ್ದು. ಇನ್ನು ಕೇಳಿದ್ದು: ಡ್ರೈವರ್ ಬಾಗಿಲಲ್ಲಿ ನಿಂತು ಅಳುತ್ತ ಹೇಳಿದ. ಮೈಕಿನವನ ಬ್ಯಾಟರಿ ಬೆಳಿಗ್ಗೆಯೇ ಕೈಕೊಟ್ಟಿತ್ತಂತೆ. "ಹಚ್ಚು, ನಾ ಅದೀನಿ" ಎಂದು ಕಾರ್ಯದರ್ಶಿ ಸಾಹೇಬರು ಹೇಳಿದರಂತೆ. ಬಾಯಾರಿಗೆ ಹೇಳಿದರೆ ಕೆಲಸ ಹೋಗುತ್ತದೆ ಎಂದೂ ಹೇಳಿದರಂತೆ.

ಬರಿದಾದ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಮೊದಲಿಗೆ ತುಂಬಿದ ಹಾಗೆಯೇ ಬೆಳಕು ಕೊಡುತ್ತದೆ, ಆಮೇಲೆ ಕುಸಿಯುತ್ತದೆ. ಆ ಮೊದಲಿನ ಬೆಳಕು ಗೌಡರ ಕಾಕಾನ ಪಾಲಿಗೆ ಹೋಯಿತು.

ಗೌಡರ ಮನೆಯ ಪಡಸಾಲೆಯಲ್ಲಿ ಊಟ ನಡೆದಿತ್ತು. ಬಾಯಾರು ತಲೆಯ ಟೊಪ್ಪಿಗೆಯನ್ನೂ ತೆಗೆಯದೆ ಅಲ್ಲಿಗೆ ಹೋದರು. ನಾನು ಹಿಂದೆ ಹೋದೆ.

"ಬ್ಯಾಟರಿ ಯಾರು ಮುಟ್ಟಿದ್ರು?"

ಕಾರ್ಯದರ್ಶಿಗಳು ಕೈಯಲ್ಲಿದ್ದ ಹೋಳಿಗೆ ಕೆಳಗಿಡಲಿಲ್ಲ. "ಒಂದೀಟ ಹೊತ್ತು ಮೈಕಿಗೆ ಹಚ್ಚಿದ್ವಿ ಬಾಯಾರ. ಮೈಕಿಲ್ಲಂದ್ರ ಮಂದಿ ಹೆಂಗ ಕೂಡತಾರ?"

"ಮಂದಿ ಕಣ್ಣಿಗೆ ಬಂದಿದ್ರು. ಕಿವಿಗಲ್ಲ."

"ಸಿಟ್ಟಾಗಬ್ಯಾಡ್ರಿ. ಕುಂದ್ರಿ, ಊಟ ಮಾಡ್ರಿ ಮೊದಲ."

ಬಾಯಾರು ತಿರುಗಿ ನಡೆದರು. ಬ್ಯಾಟರಿಯನ್ನು ಜೀಪಿಗೆ ಹಾಕಿ ನವಲಗುಂದಕ್ಕೆ ತುಂಬಿಸಲು ಕಳಿಸಿದರು. ಉಳಿದವರ ಆಪರೇಷನ್ ಮರುದಿನ ಮಾಡಿದರು, ಎಲ್ಲವೂ ಸರಿಯಾದವು. ಆ ಸಂಜೆ ನನಗೆ ಒಂದು ಮಾತು ಹೇಳಿದರು: "ನಾ ಕೇಳಿದೆ. ಕೇಳಿದ್ರ ಸಾಲದು, ಇನ್ನೊಮ್ಮೆ ನಳಿಗಿ ಹಾಕಿ ನೋಡಬೇಕಿತ್ತು." ತಮ್ಮ ತಪ್ಪನ್ನು ಅಷ್ಟಕ್ಕೇ ಅಳೆದು ಹೇಳಿದರು. ಅದಕ್ಕಿಂತ ಹೆಚ್ಚು ಹೊತ್ತುಕೊಳ್ಳಲಿಲ್ಲ, ಕಡಿಮೆಯನ್ನೂ ಅಲ್ಲ.

ಹುಬ್ಬಳ್ಳಿಯಲ್ಲಿ ಟ್ರಸ್ಟಿನವರು ಸೇರಿದರು. ನಮ್ಮನ್ನೂ ಕರೆಸಿದ್ದರು. ಕಾರ್ಯದರ್ಶಿಗಳು ಅಲ್ಲಿ ಮೊದಲ ಬಾರಿ ಆ ಮಾತು ಹೇಳಿದರು: ರೋಗಿ ತಲೆ ಅಲ್ಲಾಡಿಸಿದಳು, ಹಳ್ಳಿಯ ಮಂದಿ, ಆಗುತ್ತದೆ. ಆಮೇಲೆ ಬಾಯಾರ ಕಡೆ ತಿರುಗಿ ಮೆತ್ತಗೆ, "ಹಂಗಂದ್ರ ನಿಮ್ಮ ಹೆಸರೂ ಉಳೀತೈತ್ರಿ," ಎಂದರು.

ಬಾಯಾರು ಎದ್ದು ನಿಂತರು. "ನನ್ನ ಹೆಸರು ಉಳಸಾಕ ಆಕಿ ತಲಿ ಯಾಕ ಅಲ್ಲಾಡಸ್ತೀರಿ? ನಿಮಗ ಮೈಕು ಬೇಕಿತ್ತು, ಹಚ್ಚಿದ್ರಿ. ಕೇಳಿದಾಗ ಇಲ್ಲ ಅಂದ್ರಿ. ಅಷ್ಟು ಹೇಳ್ರಿ ಸಾಕು."

ನನ್ನನ್ನು ಕೇಳಿದರು. ತಲೆ ನನ್ನ ಕೈಯಲ್ಲಿತ್ತು, ಅಲ್ಲಾಡಲಿಲ್ಲ ಎಂದೆ. ನರ್ಸ್ ಕೂಡ ಅದನ್ನೇ ಹೇಳಿದಳು. ಹಿರಿಯ ಟ್ರಸ್ಟಿಯೊಬ್ಬರು ಗಂಟಲು ಸರಿಮಾಡಿಕೊಂಡು, ದಾನಿಗಳ ಮುಂದೆ ಇದೆಲ್ಲ ಚಂದ ಕಾಣುವುದಿಲ್ಲ ಎಂದರು. ತೀರ್ಮಾನವಾಯಿತು: ರೋಗಿ ಅಲ್ಲಾಡಿಸಿದಳು. ಮುಂದಿನ ಹಂಗಾಮಿನಲ್ಲಿ ಕಣ್ಣಿನ ಗಾಡಿಯನ್ನು ಬೇರೆ ಡಾಕ್ಟರಿಗೆ ಕೊಟ್ಟರು. ಬಾಯಾರನ್ನು ಹುಬ್ಬಳ್ಳಿಯಲ್ಲಿ ಚಸ್ಮಾ ಬರೆದುಕೊಡುವ ಕೋಣೆಯಲ್ಲಿ ಕೂರಿಸಿದರು. ನನ್ನನ್ನು ಕಲಘಟಗಿಯ ಔಷಧದ ಖೋಲಿಗೆ ಕಳಿಸಿದರು. ಕೆಲವು ವರ್ಷಗಳಲ್ಲಿ ಬಾಯಾರು ಆಸ್ಪತ್ರೆಯನ್ನೇ ಬಿಟ್ಟರು. ಕಾರ್ಯದರ್ಶಿಗಳು ಮಾತ್ರ ಕಾರ್ಯದರ್ಶಿಗಳಾಗಿಯೇ ಉಳಿದರು.

ಸಿಟ್ಟಿನ ಬಾಯಾರ ಇನ್ನೊಂದು ಮುಖವನ್ನು ನಾನು ನೋಡಿದ್ದು ಇದರ ನಂತರ. ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಅವರು ಹೊನ್ನವ್ವನ ಊರಿಗೆ ಹೋಗುತ್ತಿದ್ದರು. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ. ಹೊನ್ನವ್ವ ಬಾಗಿಲ ಹೊರಗೆ ಬಿಸಿಲಿಗೆ ಕೂತು ಕೌದಿ ಹೊಲಿಯುತ್ತಿದ್ದಳು, ಕೈಯಿಂದ ತಡವಿ ತಡವಿ.

"ಬೆಳಕು ಕಾಣತೈತ್ರಿ ಬಾಯಾರ. ಸೂಜಿ ಕಾಣೂದಿಲ್ಲ."

ಬಾಯಾರು ಚೀಲದಿಂದ ಸೂಜಿಯ ಪೊಟ್ಟಣ, ದಾರದ ಉಂಡೆ ತೆಗೆದು, ನೆಲದ ಮೇಲೆ ಕೂತು, ಒಂದೊಂದಕ್ಕೂ ದಾರ ಪೋಣಿಸಿ ಅರಿವೆಯ ತುಂಡಿಗೆ ಸಾಲಾಗಿ ಚುಚ್ಚುತ್ತಿದ್ದರು. ಕೊನೆಯ ಬಸ್ಸಿನ ಹೊತ್ತಿನವರೆಗೆ ಅದೇ ಕೆಲಸ. ಓಣಿಯ ಒಬ್ಬಾಕೆ ಹಾಯ್ದು ಹೋಗುವಾಗ, "ಡಾಕ್ಟರಕಿ ಓದಿ ಸೂಜಿ ಪೋಣಸ್ತಾರ ನೋಡ್ರಿ ನಮ್ಮ ಬಾಯಾರು," ಎಂದು ನಕ್ಕಳು. "ನಿನ್ನ ಬಾಯಿಗೂ ಒಂದು ಪೋಣಸ್ಲೇನು?" ಎಂದರು ಬಾಯಾರು. ಹೊನ್ನವ್ವ ಜೋರಾಗಿ ನಕ್ಕಳು.

ಹೊರಡುವಾಗ ಆಕೆ ಒಂದು ಪ್ರಶ್ನೆ ಕೇಳುತ್ತಿದ್ದಳು. ನಾನಿದ್ದ ಎರಡೂ ಸಲ ಕೇಳಿದಳು. ನಾನಿಲ್ಲದಾಗಲೂ ಕೇಳುತ್ತಿದ್ದಳೆಂದು ಬಾಯಾರು ಹೇಳಿದ್ದರು.

"ನಾ ಅಲ್ಲಾಡಿದ್ನೇನ್ರಿ ಬಾಯಾರ? ಊರಾಗ ಮಂದಿ ಹಂಗಂತಾರ. ನನಗೂ ಈಗ ನೆಪ್ಪ ಹಾರಿದಂಗ ಆಗೇತಿ."

ಬಾಯಾರು ಆಕೆಯ ಮುಂದೆ ಮತ್ತೆ ಕೂರುತ್ತಿದ್ದರು. ಆಕೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಗದರಿಸುವ ದನಿಯಲ್ಲೇ ಹೇಳುತ್ತಿದ್ದರು: "ಇಲ್ಲ ಬೇ. ನೀ ಅಲ್ಲಾಡಿಲ್ಲ. ಯಾರರ ಹಂಗಂದ್ರ ನನ್ನ ಕಡೆ ಕಳಸು."

ಟ್ರಸ್ಟಿನವರು ಆಕೆಯ ಕಣ್ಣು ತೆಗೆದುಕೊಂಡರು. ಅದು ಸಾಲದೆ, ಕಣ್ಣು ಹೋದದ್ದು ನಿನ್ನಿಂದಲೇ ಎಂದು ಆಕೆಯನ್ನೇ ನಂಬಿಸಲು ಹೊರಟರು. ನನಗೆ ಇಂದಿಗೂ ತಡೆಯಲಾಗದ್ದು ಈ ಎರಡನೆಯದು.

ಹೊನ್ನವ್ವ ಹೋಗಿ ಬಹಳ ಕಾಲವಾಯಿತು. ಈಗ ಬಾಯಾರೂ ಇಲ್ಲ. ನರ್ಸ್ ಎಲ್ಲಿದ್ದಾಳೋ ತಿಳಿಯದು. ಆ ತಗಡಿನ ಮನೆಯೊಳಗೆ ಇದ್ದವರಲ್ಲಿ ಮಾತಾಡಬಲ್ಲವನು ನಾನೊಬ್ಬನೇ ಉಳಿದಿರಬಹುದು ಎಂದು ಸಭೆಯಲ್ಲಿ ಆ ಮಾತು ಕೇಳಿದ ಗಳಿಗೆಯಲ್ಲಿ ನನಗೆ ಹೊಳೆಯಿತು. ನಾನು ಎದ್ದು ನಿಂತೆ.

"ಆಕಿ ಅಲ್ಲಾಡಲಿಲ್ಲರಿ," ಎಂದೆ.

ನನ್ನ ಕೈಯಲ್ಲಿ ಮೈಕು ಇರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಕಾರ್ಯದರ್ಶಿಗಳೂ ನೋಡಿದರು. ನನ್ನನ್ನು ಗುರುತು ಹಿಡಿದರು, ಅದು ಅವರ ಕಣ್ಣಲ್ಲಿ ಕಂಡಿತು. "ನಮ್ಮ ಹಳೇ ಕಂಪೌಂಡರು. ಬಾಯಾರನ್ನ ಭಾಳ ಹಚ್ಚಿಕೊಂಡಿದ್ರು, ಪಾಪ," ಎಂದು ಮೈಕಿನಲ್ಲಿ ಹೇಳಿದರು.

"ತಲಿ ನನ್ನ ಕೈಯಾಗಿತ್ತು. ಆಕಿ ಅಲ್ಲಾಡಲಿಲ್ಲ."

ಪಕ್ಕದಲ್ಲಿದ್ದವರೊಬ್ಬರು ನನ್ನ ತೋಳು ಹಿಡಿದು, "ಕುಂದರ್ರಿ ಕಾಕಾ, ಕುಂದರ್ರಿ. ನೀರು ಕುಡೀರಿ," ಎಂದರು. ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿ ಹೆಸರುಗಳನ್ನು ಕರೆಯತೊಡಗಿದರು. ಹಾರ ತಂದವರು, ಪೆಂಡಾಲಿನವರು, ಮೈಕಿನವರು. ಪಟ್ಟಿ ಮುಗಿಯಿತು ಎನ್ನುವಷ್ಟರಲ್ಲಿ ಯಾರೋ ಚೀಟಿ ಕಳಿಸಿದರು, ಬಿಟ್ಟುಹೋದ ಹೆಸರುಗಳನ್ನು ಮತ್ತೆ ಕರೆದರು. ಹೊನ್ನವ್ವನ ಹೆಸರು ಅದರಲ್ಲಿ ಇರಲಿಲ್ಲ.

ಕೊನೆಯ ಹೆಸರು ಮುಗಿದು, ಜನ ಎದ್ದು, ಯಾರೋ ಫೋಟೊದ ಬಲ್ಬು ಆರಿಸುವವರೆಗೆ ನಾನು ಕೂರಲಿಲ್ಲ. ನಿಂತಲ್ಲೇ ನಿಂತಿದ್ದೆ, ಅಲ್ಲಾಡದೆ.